ಸಿರಿರಾಜ್ ಆಸ್ಪತ್ರೆಯ ಹದಿನಾರನೇ ಮಹಡಿ

2007ರ ನವೆಂಬರ್ 7ರಂದು ಬ್ಯಾಂಕಾಕಿನ ಸಿರಿರಾಜ್ ಆಸ್ಪತ್ರೆಯಿಂದ ಎಂಬತ್ತರ ಹೊಸ್ತಿಲಲ್ಲಿದ್ದ ಹಿರಿಯರೊಬ್ಬರು ಗುಲಾಬಿ ಬಣ್ಣದ ಕೋಟು ತೊಟ್ಟು ಹೊರಬಂದರು. ಮೆದುಳಿಗೆ ರಕ್ತ ಹರಿಯುವುದರಲ್ಲಿ ತೊಡಕಾಗಿ ಮೂರು ವಾರಕ್ಕೂ ಹೆಚ್ಚು ಒಳಗಿದ್ದವರು ಅವರು. ಮರುದಿನದಿಂದಲೇ ಪೇಟೆಯಲ್ಲಿ ಗುಲಾಬಿ ಅಂಗಿಗೆ ನೂಕುನುಗ್ಗಲು. ಅದಕ್ಕೂ ಮೊದಲು ಒಂದೂವರೆ ವರ್ಷದಿಂದ ದೇಶವೆಲ್ಲ ಹಳದಿ ಅಂಗಿ ತೊಡುತ್ತಿತ್ತು. ಆ ಹಿರಿಯರು ಹುಟ್ಟಿದ್ದು ಸೋಮವಾರ, ಥಾಯ್ ನಂಬಿಕೆಯಲ್ಲಿ ಸೋಮವಾರದ ಬಣ್ಣ ಹಳದಿ. ಆ ವರ್ಷ ಅವರ ಆರೋಗ್ಯಕ್ಕೆ ಗುಲಾಬಿ ಒಳ್ಳೆಯದೆಂದು ಜ್ಯೋತಿಷಿಗಳು ಹೇಳಿದ್ದರಂತೆ. ಬ್ಯಾಂಕಿನ ಗುಮಾಸ್ತರು, ಟ್ಯಾಕ್ಸಿ ಚಾಲಕರು, ಶಾಲೆಯ ಮೇಷ್ಟ್ರುಗಳು ಎಲ್ಲರೂ ಗುಲಾಬಿಗೆ ಬದಲಾದರು.

ಅವರು ಭೂಮಿಬೋಲ್ ಅದುಲ್ಯದೇಜ್, ಚಕ್ರಿ ವಂಶದ ಒಂಬತ್ತನೆಯ ರಾಮ, ಥಾಯ್ಲೆಂಡಿನ ದೊರೆ. ಕಾಗದದ ಮೇಲೆ ನೋಡಿದರೆ ಅವರ ಅಧಿಕಾರ ಬಹಳ ದೊಡ್ಡದೇನಲ್ಲ. 1932ರ ಜೂನ್ 24ರಂದು ಒಂದಷ್ಟು ಸೇನಾಧಿಕಾರಿಗಳು ಮತ್ತು ವಿದ್ಯಾವಂತ ನೌಕರರು ಸೇರಿ ಅರಸರ ನಿರಂಕುಶ ಆಡಳಿತವನ್ನು ಕೊನೆಗಾಣಿಸಿದ ಮೇಲೆ ಆ ದೇಶದ ರಾಜ ಸಂವಿಧಾನಕ್ಕೆ ಅಧೀನ. ನಮ್ಮ ರಾಷ್ಟ್ರಪತಿಯ ಹಾಗೆ ಮಸೂದೆಗೆ ಸಹಿ ಹಾಕಬೇಕು, ಪ್ರಧಾನಿಗೆ ಪ್ರಮಾಣವಚನ ಬೋಧಿಸಬೇಕು, ರಾಯಭಾರಿಗಳನ್ನು ಬರಮಾಡಿಕೊಳ್ಳಬೇಕು. ಆದರೂ 2009ರ ಅಕ್ಟೋಬರ್ 14 ಮತ್ತು 15ರಂದು, ದೊರೆಯ ಆರೋಗ್ಯ ಕೆಟ್ಟಿದೆಯೆಂಬ ಗಾಳಿಮಾತಿಗೆ ಬ್ಯಾಂಕಾಕಿನ ಷೇರುಪೇಟೆ ಎರಡೇ ದಿನದಲ್ಲಿ ಶೇಕಡ 7ರಷ್ಟು ಕುಸಿಯಿತು. ಪೊಲೀಸರು ಗಾಳಿಮಾತಿನ ಮೂಲ ಹುಡುಕಿಕೊಂಡು ಹೋಗಿ ಕೆಲವರನ್ನು ಬಂಧಿಸಿದರು. ಅವರಲ್ಲೊಬ್ಬರು ಮಾಡಿದ್ದು ಇಷ್ಟೇ: ಷೇರು ಏಕೆ ಬಿತ್ತು ಎಂಬ ವಿದೇಶಿ ಸುದ್ದಿಸಂಸ್ಥೆಯ ವರದಿಯನ್ನು ಥಾಯ್ ಭಾಷೆಗೆ ತಂದು ಜಾಲತಾಣದಲ್ಲಿ ಹಾಕಿದ್ದು.

ಸಹಿ ಹಾಕುವ ಕೈಗೆ ಜ್ವರ ಬಂದರೆ ಪೇಟೆ ಯಾಕೆ ನಡುಗಬೇಕು? ಆ ರಾಜನ ನಿಜವಾದ ಬಲ ಸಂವಿಧಾನದ ಯಾವ ಕಲಮಿನಲ್ಲೂ ಇರಲಿಲ್ಲ, ಇದ್ದದ್ದು ಆತನ ದೇಹದಲ್ಲಿ. ಹಾಗೆ ಹೇಳಿದರೆ ಅತಿಶಯ ಅನಿಸಬಹುದು. ಆದರೆ ಆ ಬಲ ಕೂಡಿಬಂದ ಬಗೆಯನ್ನು ನೋಡಿದರೆ ಬೇರೆ ಮಾತು ಹೊಳೆಯುವುದಿಲ್ಲ.

ಭೂಮಿಬೋಲ್ ಹುಟ್ಟಿದ್ದು 1927ರ ಡಿಸೆಂಬರ್ 5ರಂದು, ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ. ತಂದೆ ರಾಜಕುಮಾರ ಮಹಿದೋಲ್ ಹಾರ್ವರ್ಡಿನಲ್ಲಿ ವೈದ್ಯಕೀಯ ಓದುತ್ತಿದ್ದರು. ತಾಯಿ ದಾದಿಯ ತರಬೇತಿ ಪಡೆದವರು, ಅರಮನೆಯ ಹೊರಗಿನ ಸಾಮಾನ್ಯ ಮನೆತನದವರು. 1946ರ ಜೂನ್ 9ರ ಬೆಳಗ್ಗೆ, ಆಗ ದೊರೆಯಾಗಿದ್ದ ಅಣ್ಣ ಆನಂದ ಮಹಿದೋಲ್ ಅರಮನೆಯ ಮಲಗುವ ಕೋಣೆಯಲ್ಲೇ ಗುಂಡೇಟಿನಿಂದ ಸತ್ತರು. ಆ ಗುಂಡು ಹಾರಿದ್ದು ಹೇಗೆಂಬುದು ಇಂದಿಗೂ ಆ ದೇಶದಲ್ಲಿ ಬಾಯಿಬಿಟ್ಟು ಚರ್ಚಿಸುವ ವಿಷಯವಲ್ಲ. ಹದಿನೆಂಟರ ತಮ್ಮ ಅದೇ ದಿನ ದೊರೆಯಾದರು. ಓದು ಮುಗಿಸಲು ಸ್ವಿಟ್ಜರ್ಲೆಂಡಿಗೆ ಮರಳಿದಾಗ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು. 1950ರಲ್ಲಿ ಮದುವೆ, ಪಟ್ಟಾಭಿಷೇಕ. ಆಗಿನ ಅರಸೊತ್ತಿಗೆ ಒಂದು ಹಳೆಯ ಅಲಂಕಾರದ ಸಾಮಾನು ಅಷ್ಟೇ. ಸೇನಾನಾಯಕ ಪ್ರಧಾನಿಗಳಿಗೆ ಅದು ಮೂಲೆಯಲ್ಲಿದ್ದರೆ ಸಾಕಾಗಿತ್ತು.

ಅದನ್ನು ಅಂಗಳಕ್ಕೆ ತಂದವರು ಇನ್ನೊಬ್ಬ ಸೇನಾನಾಯಕ. 1957ರಲ್ಲಿ ದಂಗೆಯೆದ್ದು ಅಧಿಕಾರ ಹಿಡಿದ ಸರಿತ್ ಥನರತ್‌ಗೆ ಜನರ ಮತವಿರಲಿಲ್ಲ, ರಾಜನ ಆಶೀರ್ವಾದ ಬೇಕಿತ್ತು. ರಾಜನಿಗೆ ಹಳ್ಳಿಗಳಿಗೆ ಹೋಗುವ ದಾರಿ ಬೇಕಿತ್ತು. ಕೊಡುಕೊಳ್ಳುವಿಕೆ ಇಬ್ಬರಿಗೂ ಲಾಭದ್ದೇ ಆಯಿತು. ಮುಂದಿನ ಮೂರು ದಶಕ ಭೂಮಿಬೋಲ್ ಜೀಪಿನಲ್ಲಿ, ಹೆಲಿಕಾಪ್ಟರಿನಲ್ಲಿ, ಎಷ್ಟೋ ಕಡೆ ನಡೆದೇ, ದೇಶದ ಮೂಲೆಮೂಲೆ ಸುತ್ತಿದರು. ಕುತ್ತಿಗೆಯಲ್ಲಿ ಕ್ಯಾಮೆರಾ, ಕೈಯಲ್ಲಿ ಮಡಿಚಿದ ನಕ್ಷೆ ಮತ್ತು ಪೆನ್ಸಿಲ್, ಮುಂದೆ ಕೈಮುಗಿದು ಕೂತ ರೈತ: ಈ ಚಿತ್ರ ಥಾಯ್ಲೆಂಡಿನ ಮನೆಮನೆಯಲ್ಲಿದೆ. ಅದಕ್ಕಿಂತ ಹೆಚ್ಚು ಹೆಸರಾದ ಇನ್ನೊಂದು ಪಟದಲ್ಲಿ ದೊರೆಯ ಮೂಗಿನ ತುದಿಯಲ್ಲಿ ಬೆವರಿನ ಹನಿಯೊಂದು ತೂಗಾಡುತ್ತಿದೆ. ವಿಷ್ಣುವಿನ ಅವತಾರವೆಂದು ಪೂಜಿಸಿಕೊಳ್ಳುವ, ಗರುಡನನ್ನು ಲಾಂಛನವಾಗಿ ಹೊತ್ತ ವಂಶದ ಅರಸ ಬೆವರುತ್ತಾನೆ! ಜನ ಸೋತದ್ದು ಆ ಬೆವರಿಗೆ.

ಅದರಲ್ಲಿ ಪ್ರಚಾರವೂ ಇತ್ತು. ದಿನವೂ ರಾತ್ರಿ ಎಂಟರ ಸುಮಾರಿಗೆ ಎಲ್ಲ ಟಿವಿ ವಾಹಿನಿಗಳಲ್ಲಿ ರಾಜಮನೆತನದ ಸುದ್ದಿ ಕಡ್ಡಾಯವಾಗಿತ್ತು, ಸಿನಿಮಾ ಶುರುವಾಗುವ ಮುನ್ನ ರಾಜಗೀತೆಗೆ ಎದ್ದು ನಿಲ್ಲಬೇಕಿತ್ತು. ಹಾಗೆಂದು ಎಲ್ಲವನ್ನೂ ಪ್ರಚಾರದ ಲೆಕ್ಕಕ್ಕೆ ಬರೆಯುವವರು ಉತ್ತರದ ಗುಡ್ಡಗಳಿಗೆ ಹೋಗಿ ನೋಡಬೇಕು. ಅಫೀಮು ಬೆಳೆಯುತ್ತಿದ್ದ ಬುಡಕಟ್ಟಿನವರಿಗೆ ಹಣ್ಣು, ತರಕಾರಿ, ಕಾಫಿ ಬೆಳೆ ಕಲಿಸುವ ಯೋಜನೆ 1969ರಲ್ಲಿ ಶುರುವಾಗಿ ನಿಜಕ್ಕೂ ಕೆಲಸ ಮಾಡಿತು. ಕೃತಕ ಮಳೆಯ ಪ್ರಯೋಗ, ಕೊಳಕು ನೀರಿಗೆ ಗಾಳಿ ತುಂಬುವ ಚಕ್ರ, ಇವೆಲ್ಲ ಅವರ ಹೆಸರಿನಲ್ಲಿವೆ. ಆ ಚಕ್ರಕ್ಕೆ 1993ರಲ್ಲಿ ಪೇಟೆಂಟೂ ಸಿಕ್ಕಿತು. ಬ್ಯಾಂಕಾಕಿನ ಪ್ರವಾಹಕ್ಕೆ ಅವರು ಹೇಳಿದ ಉಪಾಯದ ಹೆಸರು ‘ಕೋತಿಯ ಕೆನ್ನೆ’: ಕೋತಿ ಬಾಳೆಹಣ್ಣನ್ನು ಮೊದಲು ಕೆನ್ನೆಯಲ್ಲಿ ತುಂಬಿಕೊಂಡು ಆಮೇಲೆ ನಿಧಾನ ನುಂಗುವಂತೆ, ಹೆಚ್ಚುವರಿ ನೀರನ್ನು ತಗ್ಗಿನಲ್ಲಿ ತಡೆದು ಬಳಿಕ ಸಮುದ್ರಕ್ಕೆ ಬಿಡುವುದು. ವಿಶ್ವವಿದ್ಯಾಲಯಗಳ ಪದವೀಧರರಿಗೆ ತಾವೇ ಕೈಯಾರೆ ಪ್ರಮಾಣಪತ್ರ ಕೊಡುತ್ತಿದ್ದರು. ಗಂಟೆಗಟ್ಟಲೆ, ವರ್ಷಗಟ್ಟಲೆ. ಒಬ್ಬೊಬ್ಬರ ಪಾಲಿಗೂ ಕೆಲವೇ ಸೆಕೆಂಡು. ಆ ಕ್ಷಣದ ಫೋಟೊ ಮಾತ್ರ ಆ ಮನೆಯ ಗೋಡೆಯಲ್ಲಿ ಶಾಶ್ವತ. ಮಧ್ಯಮವರ್ಗದ ಒಂದಿಡೀ ತಲೆಮಾರು ತನ್ನ ಏಳಿಗೆಯನ್ನು ಆ ಕೈಯ ಜತೆ ಸೇರಿಸಿಕೊಂಡು ನೆನೆಯಿತು.

ಇಂಗ್ಲೆಂಡಿನ ವಾಲ್ಟರ್ ಬ್ಯಾಜಟ್ 1867ರಲ್ಲಿ ಬರೆದ ಪ್ರಕಾರ ಸಾಂವಿಧಾನಿಕ ದೊರೆಗೆ ಇರುವುದು ಮೂರೇ ಹಕ್ಕು. ಸರಕಾರ ಆತನ ಸಲಹೆ ಕೇಳಬೇಕು, ಆತ ಹುರಿದುಂಬಿಸಬಹುದು, ಎಚ್ಚರಿಸಬಹುದು. ಭೂಮಿಬೋಲ್ ಕೂಡ ತಮಗಿರುವುದು ಇಷ್ಟೇ ಎನ್ನುತ್ತಿದ್ದರು. ಆದರೆ ಅವರ ಎಚ್ಚರಿಕೆಗೆ ಸರಕಾರಗಳು ಉರುಳುತ್ತಿದ್ದವು.

1973ರ ಅಕ್ಟೋಬರ್ 14ರಂದು ಸೈನಿಕರ ಗುಂಡಿಗೆ ಬೆದರಿ ಓಡಿದ ವಿದ್ಯಾರ್ಥಿಗಳಿಗೆ ಚಿತ್ರಲದಾ ಅರಮನೆಯ ಬಾಗಿಲು ತೆರೆಯಿತು. ಸಂಜೆಗೆ ದೊರೆ ಟಿವಿಯಲ್ಲಿ ಕಾಣಿಸಿಕೊಂಡು ಹೊಸ ಪ್ರಧಾನಿಯ ಹೆಸರು ಹೇಳಿದರು. ಸರ್ವಾಧಿಕಾರಿ ಥನೋಮ್ ದೇಶ ಬಿಟ್ಟರು. 1981ರ ಏಪ್ರಿಲಿನಲ್ಲಿ ರಾಜಧಾನಿಯನ್ನು ಹಿಡಿದ ದಂಗೆಕೋರರ ಬಳಿ ಪಡೆಯಿತ್ತು, ರಾಜನಿರಲಿಲ್ಲ. ರಾಜಪರಿವಾರ ಪ್ರಧಾನಿ ಪ್ರೇಮ್ ತಿನಸುಲನೊಂದ ಅವರ ಜತೆ ಕೊರಾಟ್‌ಗೆ ಹೊರಟುಹೋಗಿತ್ತು. ಎರಡು ಮೂರು ದಿನದಲ್ಲಿ ದಂಗೆ ತಣ್ಣಗಾಯಿತು. ಇನ್ನು 1992ರ ಮೇ 20ರ ರಾತ್ರಿ. ಬೀದಿಯಲ್ಲಿ ಹತ್ತಾರು ಹೆಣ ಬಿದ್ದಿದ್ದವು. ಪ್ರಧಾನಿ ಜನರಲ್ ಸುಚಿಂದ ಮತ್ತು ಪ್ರತಿಭಟನೆಯ ಮುಂದಾಳು ಚಾಮ್‌ಲಾಂಗ್ ಇಬ್ಬರನ್ನೂ ಅರಮನೆಗೆ ಕರೆಸಲಾಯಿತು. ದೊರೆ ಸೋಫಾದ ಮೇಲೆ, ಇವರಿಬ್ಬರೂ ಜಮಖಾನದ ಮೇಲೆ. ತಗ್ಗಿದ ದನಿಯಲ್ಲಿ ದೊರೆ ಗದರಿದರು: ಸುಟ್ಟ ಊರಿನ ಮೇಲೆ ಗೆದ್ದು ಯಾರಿಗೆ ಏನು ಬಂತು ಎಂಬ ಧಾಟಿ. ಇದೆಲ್ಲ ಟಿವಿಯಲ್ಲಿ ಪ್ರಸಾರವಾಯಿತು. ನಾಲ್ಕು ದಿನದಲ್ಲಿ ಸುಚಿಂದ ರಾಜೀನಾಮೆ ಕೊಟ್ಟರು. ಜಗತ್ತಿನ ಪತ್ರಿಕೆಗಳು ಕೊಂಡಾಡಿದ್ದು ಈ ದೃಶ್ಯವನ್ನೇ.

ಕೊಂಡಾಟದಲ್ಲಿ ಬಿಟ್ಟುಹೋಗುವ ದಿನವೂ ಒಂದಿದೆ. 1976ರ ಅಕ್ಟೋಬರ್ 6ರಂದು ಥಮ್ಮಸಾತ್ ವಿಶ್ವವಿದ್ಯಾಲಯದ ಆವರಣದಲ್ಲಿ ಪೊಲೀಸರು ಮತ್ತು ಬಲಪಂಥೀಯ ಗುಂಪುಗಳು ವಿದ್ಯಾರ್ಥಿಗಳನ್ನು ಕೊಂದು, ಮರಕ್ಕೆ ನೇತುಹಾಕಿ ಹೊಡೆದಾಗ ಅರಮನೆಯ ಬಾಗಿಲು ತೆರೆಯಲಿಲ್ಲ. ಅಂದು ಸಂಜೆಯ ಸೇನಾದಂಗೆಗೆ ರಾಜಮನ್ನಣೆಯೂ ಸಿಕ್ಕಿತು. ರಾಜನಿಂದೆಯ ಶಿಕ್ಷೆಯನ್ನು ಕನಿಷ್ಠ 3, ಗರಿಷ್ಠ 15 ವರ್ಷಕ್ಕೆ ಏರಿಸಿದ್ದು ಅದೇ ತಿಂಗಳು. ಎಪ್ಪತ್ತು ವರ್ಷದ ಆಳ್ವಿಕೆಯಲ್ಲಿ ಹತ್ತಕ್ಕೂ ಹೆಚ್ಚು ದಂಗೆ ಮತ್ತು ದಂಗೆಯ ಯತ್ನಗಳು ನಡೆದವು. ಗೆದ್ದ ದಂಗೆಗಳಿಗೆ ರಾಜನ ಅಂಕಿತ ಬಿತ್ತು, ಸೋತವಕ್ಕೆ ಬೀಳಲಿಲ್ಲ. ಅಂಕಿತ ಬಿದ್ದದ್ದರಿಂದ ಗೆದ್ದವೋ, ಗೆದ್ದದ್ದರಿಂದ ಅಂಕಿತ ಬಿತ್ತೋ ಎಂಬುದು ಪಂಡಿತರು ಇನ್ನೂ ಬಗೆಹರಿಸದ ಜಗಳ. ಡಂಕನ್ ಮೆಕಾರ್ಗೋ ಎಂಬ ವಿದ್ವಾಂಸ 2005ರಲ್ಲಿ ಇದನ್ನು ‘ಜಾಲದ ಅರಸೊತ್ತಿಗೆ’ ಎಂದು ಕರೆದರು. ಅಪ್ಪಣೆ ಕೊಡುವುದು ರಾಜನೇ ಆಗಬೇಕಿಲ್ಲ, ಆತನ ಮನಸ್ಸು ಬಲ್ಲವರೆನಿಸಿಕೊಂಡ ಆಪ್ತ ಸಲಹೆಗಾರರು, ಸೇನಾಧಿಕಾರಿಗಳು, ನ್ಯಾಯಾಧೀಶರು ಸೇರಿ ಕೆಲಸ ನಡೆಸುತ್ತಾರೆ ಎಂಬುದು ಅವರ ವಾದ. ನನಗೆ ಇದು ಸರಿಯೆನಿಸುತ್ತದೆ, ಮುಂದೆ ನಡೆದದ್ದನ್ನು ನೋಡಿದರೆ.

ಪ್ರತಿವರ್ಷ ಡಿಸೆಂಬರ್ 4ರಂದು, ಹುಟ್ಟುಹಬ್ಬದ ಮುನ್ನಾದಿನ, ದೊರೆ ಒಂದು ಭಾಷಣ ಮಾಡುತ್ತಿದ್ದರು. ಬರೆದು ಓದುವ ಭಾಷಣವಲ್ಲ. ತಮಾಷೆ, ಒಗಟು, ಬೈಗುಳ ಎಲ್ಲ ಬೆರೆತ ಹರಟೆ. ದೇಶವೆಲ್ಲ ಕಿವಿಗೊಟ್ಟು ಕೂತು, ಮರುದಿನ ಅದರ ಅರ್ಥ ಬಿಡಿಸುತ್ತಿತ್ತು. 1997ರಲ್ಲಿ ಬಾಟ್ ನಾಣ್ಯ ಕುಸಿದು ದೇಶ ದಿವಾಳಿಯ ಅಂಚಿಗೆ ಬಂದಾಗ ‘ಹಿತಮಿತದ ಆರ್ಥಿಕತೆ’ಯ ಮಾತು ಬಂದದ್ದು ಇಲ್ಲಿಂದಲೇ. 2005ರ ಭಾಷಣದಲ್ಲಿ ಅವರು ರಾಜನೂ ತಪ್ಪು ಮಾಡಬಲ್ಲ, ಆತನನ್ನು ಟೀಕಿಸಬಹುದು ಎಂದರು. ಮೊಕದ್ದಮೆಗಳು ನಿಲ್ಲಲಿಲ್ಲ, ಹೆಚ್ಚಾದವು. ಸ್ವತಃ ರಾಜನ ಮಾತನ್ನೂ ರಾಜನಿಷ್ಠರು ಕೇಳಲಿಲ್ಲ ಎನ್ನಬೇಕು.

2006ರ ಏಪ್ರಿಲಿನಲ್ಲಿ ಇನ್ನೊಂದು ಮಾತು. ಪ್ರಧಾನಿ ಥಾಕ್ಸಿನ್ ಶಿನವತ್ರ ಕರೆದ ಚುನಾವಣೆಯನ್ನು ಪ್ರತಿಪಕ್ಷಗಳು ಬಹಿಷ್ಕರಿಸಿದ್ದವು. ರಾಜನೇ ಪ್ರಧಾನಿಯನ್ನು ನೇಮಿಸಲಿ ಎಂದು ಥಾಕ್ಸಿನ್‌ರ ವಿರೋಧಿಗಳು ಕೂಗುತ್ತಿದ್ದರು. ದೊರೆ ನ್ಯಾಯಾಧೀಶರನ್ನು ಕರೆಸಿ, ಹಾಗೆ ನೇಮಿಸುವುದು ಪ್ರಜಾಪ್ರಭುತ್ವವಲ್ಲ, ಈ ಗೊಂದಲವನ್ನು ನೀವೇ ಬಿಡಿಸಿ ಎಂದರು. ಎರಡು ವಾರದಲ್ಲಿ ಸಂವಿಧಾನ ನ್ಯಾಯಾಲಯ ಚುನಾವಣೆಯನ್ನು ರದ್ದುಮಾಡಿತು. ಸೆಪ್ಟೆಂಬರ್ 19ರ ರಾತ್ರಿ ಥಾಕ್ಸಿನ್‌ರನ್ನು ಇಳಿಸಲು ಟ್ಯಾಂಕುಗಳು ಬಂದವು, ಬಂದೂಕಿಗೆ ಹಳದಿ ರಿಬ್ಬನ್ ಕಟ್ಟಿಕೊಂಡು.

ಬಲ ಶಿಖರ ಮುಟ್ಟಿದ ಹೊತ್ತಿಗೇ ದೇಹ ಸೋಲತೊಡಗಿತ್ತು. ಅದೇ 2006ರ ಜುಲೈನಲ್ಲಿ ಬೆನ್ನುಹುರಿಯ ಶಸ್ತ್ರಚಿಕಿತ್ಸೆ. ಮರುವರ್ಷ ಗುಲಾಬಿ ಕೋಟಿನ ಪ್ರಕರಣ. 2008ರ ಡಿಸೆಂಬರ್ 4ರಂದು ಜನ ಟಿವಿ ಮುಂದೆ ಕಾದರು, ಭಾಷಣವಿಲ್ಲ. ದೊರೆಗೆ ಮೈ ಚೆನ್ನಾಗಿಲ್ಲವೆಂದು ಮಗ ಮತ್ತು ಮಗಳು ಬಂದು ತಿಳಿಸಿದರು. ಆ ವಾರವೇ ನ್ಯಾಯಾಲಯ ಥಾಕ್ಸಿನ್ ಕಡೆಯ ಆಳುವ ಪಕ್ಷವನ್ನು ವಿಸರ್ಜಿಸಿತ್ತು, ಥಾಕ್ಸಿನ್ ವಿರೋಧಿಗಳಾದ ಹಳದಿ ಅಂಗಿಯವರು ತಾವು ಹಿಡಿದಿದ್ದ ಬ್ಯಾಂಕಾಕಿನ ವಿಮಾನನಿಲ್ದಾಣಗಳನ್ನು ಆಗಷ್ಟೇ ಬಿಟ್ಟು ಎದ್ದಿದ್ದರು. ಯಾರು ಸರಿ ಎಂದು ದೊರೆ ಹೇಳಿಯಾರೆಂದು ಎರಡೂ ಕಡೆಯವರು ಕಾದಿದ್ದರು. 2009ರ ಸೆಪ್ಟೆಂಬರ್ 19ರಂದು ಜ್ವರವೆಂದು ಸಿರಿರಾಜ್ ಸೇರಿದವರು ಅಲ್ಲಿಂದ ಹೊರಟದ್ದು 2013ರ ಆಗಸ್ಟ್ 1ರಂದು, ಹೆಚ್ಚುಕಡಿಮೆ ನಾಲ್ಕು ವರ್ಷದ ಮೇಲೆ.

ಚಾವೊ ಪ್ರಾಯ ನದಿಯ ಪಶ್ಚಿಮ ದಡದ ಈ ಆಸ್ಪತ್ರೆಯ ಕಥೆಯೇ ಒಂದು. ದೊರೆ ಚುಲಾಲಾಂಗಕೋರ್ನ್ ತಮ್ಮ ಎಳೆಯ ಮಗ ಆಮಶಂಕೆಯಿಂದ ತೀರಿಕೊಂಡ ದುಃಖದಲ್ಲಿ ಆ ಕೂಸಿನ ಹೆಸರಿಟ್ಟು 1888ರಲ್ಲಿ ಕಟ್ಟಿಸಿದ್ದು. ಭೂಮಿಬೋಲರ ತಂದೆ ಮಹಿದೋಲರನ್ನು ಥಾಯ್ಲೆಂಡಿನ ಆಧುನಿಕ ವೈದ್ಯದ ಪಿತಾಮಹ ಎನ್ನುತ್ತಾರೆ. ಅವರ ಪ್ರತಿಮೆ ಅಂಗಳದಲ್ಲಿದೆ. ಮಗನಿಗೆ ಎರಡು ತುಂಬುವ ಮೊದಲೇ ತೀರಿಕೊಂಡ ಆ ತಂದೆಯ ಪ್ರತಿಮೆಯಿದ್ದ ಆವರಣದಲ್ಲೇ, ಹದಿನಾರನೇ ಮಹಡಿಯಲ್ಲಿ, ಮಗನ ಮುಪ್ಪು ಕಳೆಯಿತು. ಆಗೊಮ್ಮೆ ಈಗೊಮ್ಮೆ ಗಾಲಿಕುರ್ಚಿಯಲ್ಲಿ ಕೆಳಗೆ ಬರುತ್ತಿದ್ದರು, ತೊಡೆಯ ಮೇಲೆ ಕ್ಯಾಮೆರಾ. ಕೆಳಗಿನ ಪಡಸಾಲೆಯಲ್ಲಿ ಹೂವು, ಹಾರೈಕೆಯ ಸಹಿಪುಸ್ತಕ, ಸಾಲು ನಿಂತ ಜನ. ಅರಮನೆಯ ಕಚೇರಿ ಅಂಕಿಸಂಖ್ಯೆ ಹಾಕಿದ ಪ್ರಕಟಣೆಗಳನ್ನು ಹೊರಡಿಸುತ್ತಿತ್ತು: ಜ್ವರ ಇಷ್ಟು ಇಳಿದಿದೆ, ಶ್ವಾಸಕೋಶದ ಉರಿಯೂತ ಕಡಿಮೆಯಾಗಿದೆ, ಮೆದುಳಿನ ಸುತ್ತ ತುಂಬುವ ದ್ರವವನ್ನು ಹೊರಗೆ ಬಿಡಲಾಗಿದೆ. ವಿವರವೇನೋ ಧಾರಾಳ. ಆದರೆ ದೊರೆ ಕಡತಗಳನ್ನು ಓದುವ ಸ್ಥಿತಿಯಲ್ಲಿದ್ದಾರೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರುತ್ತಿರಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. 1956ರಲ್ಲಿ ಭೂಮಿಬೋಲ್ ಹದಿನೈದು ದಿನದ ಮಟ್ಟಿಗೆ ಕಾಷಾಯ ತೊಟ್ಟು ಭಿಕ್ಷುವಾದಾಗ ರಾಣಿ ಸಿರಿಕಿತ್ ವಿಧಿವತ್ತಾಗಿ ರಾಜಪ್ರತಿನಿಧಿಯಾಗಿದ್ದರು. ದೊರೆ ಅಸಮರ್ಥರಾದರೆ ಪ್ರತಿನಿಧಿಯನ್ನು ನೇಮಿಸುವ ದಾರಿ ಸಂವಿಧಾನಗಳಲ್ಲಿ ಮುಂದೆಯೂ ಇತ್ತು. ಆಸ್ಪತ್ರೆಯ ಅಷ್ಟೂ ವರ್ಷಗಳಲ್ಲಿ ಯಾರನ್ನೂ ನೇಮಿಸಲಿಲ್ಲ. ನೇಮಿಸಿದ್ದರೆ ದೊರೆ ಕೈಲಾಗದವರು ಎಂದು ಒಪ್ಪಿದಂತೆ. ಆ ಹೆಸರಿನಲ್ಲಿ ನಡೆಯುತ್ತಿದ್ದ ವ್ಯವಹಾರಕ್ಕೆ ಅದು ಹೊಂದುತ್ತಿರಲಿಲ್ಲ. ಮೌನವೇ ಲಾಭದಾಯಕವಾಗಿತ್ತು.

2010ರ ಏಪ್ರಿಲ್–ಮೇ ತಿಂಗಳಲ್ಲಿ ಥಾಕ್ಸಿನ್ ಬೆಂಬಲಿಗರಾದ ಕೆಂಪು ಅಂಗಿಯವರ ಪ್ರತಿಭಟನೆಯ ಮೇಲೆ ಸೇನೆ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತಾಗ 1992ರ ಜಮಖಾನದ ದೃಶ್ಯ ಮರುಕಳಿಸೀತೆಂದು ಹಲವರು ಕಾದರು. ಏಪ್ರಿಲ್ 26ರಂದು ದೊರೆ ಆಸ್ಪತ್ರೆಯಲ್ಲೇ ಹೊಸ ನ್ಯಾಯಾಧೀಶರನ್ನು ಕಂಡು, ಕರ್ತವ್ಯ ಚೆನ್ನಾಗಿ ಮಾಡಿ ಎಂದರು. ಬೀದಿಯಲ್ಲಿ ನಡೆಯುತ್ತಿದ್ದುದರ ಬಗ್ಗೆ ಒಂದು ಮಾತೂ ಇಲ್ಲ. ಮಾತಿಲ್ಲದಿದ್ದರೇನು, ಅರ್ಥ ಹೇಳುವವರು ಇದ್ದರು. ಸೈನ್ಯ ತಾನು ರಾಜನ ರಕ್ಷಣೆಗೆ ಇದ್ದೇನೆಂದಿತು. ಹಳದಿ ಅಂಗಿಯವರು ರಾಜನಿಗಾಗಿ ಹೋರಾಡುತ್ತೇವೆಂದರು. ಕೆಂಪು ಅಂಗಿಯವರು ಕೂಡ ತಮ್ಮ ಜಗಳ ರಾಜನ ಸುತ್ತಲಿನವರ ಜತೆಗೇ ಹೊರತು ರಾಜನ ಜತೆ ಅಲ್ಲವೆಂದು ಸಾರಿಹೇಳಿದರು. 2014ರ ಮೇ 22ರಂದು ಜನರಲ್ ಪ್ರಯುತ್ ಚಾನ್-ಓಚಾ ಅಧಿಕಾರ ಕಸಿದುಕೊಂಡು, ನಾಲ್ಕೇ ದಿನದಲ್ಲಿ ರಾಜಾಜ್ಞೆಯನ್ನು ತೋರಿಸಿದರು. ಅಂಕಿತ ಬಿಳಿ ಸಮವಸ್ತ್ರದಲ್ಲಿ ಮಂಡಿಯೂರಿದ ಜನರಲ್‌ಗೆ ತಲುಪಿತು, ಅಂಕಿತ ಹಾಕಿದವರು ಆ ಸಮಾರಂಭದಲ್ಲಿ ಇರಲಿಲ್ಲ.

ದೊರೆ ಬಡವಾದಷ್ಟೂ ಕಾನೂನು ಬಲಿಯಿತು. ನಾಲ್ಕು ಎಸ್ಸೆಮ್ಮೆಸ್ ಕಳಿಸಿದ ಆರೋಪದಲ್ಲಿ ಅರವತ್ತು ದಾಟಿದ ಅಜ್ಜನೊಬ್ಬನಿಗೆ 2011ರಲ್ಲಿ 20 ವರ್ಷ ಸಜೆಯಾಯಿತು, ಮರುವರ್ಷ ಆತ ಜೈಲಿನಲ್ಲೇ ಸತ್ತ. 2015ರಲ್ಲಿ ಫೇಸ್‌ಬುಕ್ ಬರಹಗಳಿಗೆ ಸೇನಾ ನ್ಯಾಯಾಲಯ ಒಬ್ಬರಿಗೆ 30 ವರ್ಷ ವಿಧಿಸಿತು, ತಪ್ಪೊಪ್ಪಿಕೊಂಡದ್ದಕ್ಕೆ ಅರ್ಧ ಕಡಿಮೆ ಮಾಡಿದ ಮೇಲೆ. ದೊರೆಯ ಸಾಕುನಾಯಿಯನ್ನು ಅಂತರ್ಜಾಲದಲ್ಲಿ ಗೇಲಿ ಮಾಡಿದನೆಂದು ಕಾರ್ಖಾನೆಯ ಕಾರ್ಮಿಕನೊಬ್ಬನ ಮೇಲೂ ಕೇಸು ಬಿತ್ತು.

ಮುದಿ ದೊರೆಯ ಸುತ್ತ ಗುಟ್ಟು ಹೆಣೆಯುವುದು ಥಾಯ್ಲೆಂಡಿನದೇ ರೂಢಿಯಲ್ಲ. 1936ರ ಜನವರಿಯಲ್ಲಿ ಇಂಗ್ಲೆಂಡಿನ ಐದನೆಯ ಜಾರ್ಜ್ ಸಾಯುವ ಹಂತದಲ್ಲಿದ್ದಾಗ ವೈದ್ಯ ಲಾರ್ಡ್ ಡಾಸನ್ ಮಾರ್ಫಿನ್ ಮತ್ತು ಕೊಕೇನ್ ಚುಚ್ಚಿ ಸಾವನ್ನು ಬೇಗ ಬರಿಸಿದರು. ಒಂದು ಕಾರಣ, ಸುದ್ದಿ ಸಂಜೆಯ ಅಗ್ಗದ ಪತ್ರಿಕೆಗಳಿಗೆ ಸಿಗದೆ ಬೆಳಗ್ಗಿನ ‘ಟೈಮ್ಸ್’ನಲ್ಲಿ ಬರಲಿ ಎಂಬುದು! ಇದು ಹೊರಬಿದ್ದದ್ದು ಐವತ್ತು ವರ್ಷದ ಮೇಲೆ. ಜಪಾನಿನ ಹಿರೋಹಿಟೊ 1988ರ ಸೆಪ್ಟೆಂಬರಿನಲ್ಲಿ ರಕ್ತ ಕಾರಿದ ಮೇಲೆ ನಿತ್ಯ ಎಷ್ಟು ರಕ್ತ ಕೊಟ್ಟರೆಂದು ಟಿವಿಯಲ್ಲಿ ಹೇಳುತ್ತಿದ್ದರು, ರೋಗ ಕ್ಯಾನ್ಸರೆಂದು ಸಾಯುವವರೆಗೆ ಹೇಳಲಿಲ್ಲ. ಹಬ್ಬಗಳು ರದ್ದಾದವು; ‘ಎಲ್ಲರೂ ಆರೋಗ್ಯವೇ’ ಎಂದು ಕೇಳುವ ಕಾರಿನ ಜಾಹೀರಾತೊಂದರ ದನಿಯನ್ನೇ ತೆಗೆದುಹಾಕಿದರು. ಅದನ್ನೆಲ್ಲ ಕಣ್ಣಾರೆ ಕಂಡಿದ್ದ ಮಗ ಅಕಿಹಿಟೊ 2016ರ ಆಗಸ್ಟ್ 8ರಂದು, ತಾವು ಎಂಬತ್ತೆರಡರಲ್ಲಿದ್ದಾಗ, ಚಕ್ರವರ್ತಿ ಹಾಸಿಗೆ ಹಿಡಿದರೆ ಸಮಾಜವೇ ಸ್ತಬ್ಧವಾಗುವ ಆತಂಕವನ್ನು ಟಿವಿಯಲ್ಲಿ ಹೇಳಿಕೊಂಡರು. 2019ರಲ್ಲಿ ಪಟ್ಟ ಬಿಟ್ಟಿಳಿದರು. ಜಪಾನಿಗೆ ಆ ಬಿಡುಗಡೆ ಸಾಧ್ಯವಾದದ್ದು ಅಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಯಾರೂ ಟ್ಯಾಂಕು ಹೊರಡಿಸುವಂತಿಲ್ಲದ್ದರಿಂದ ಎಂಬುದು ನನ್ನ ಎಣಿಕೆ.

ಅಕಿಹಿಟೊ ಮಾತಾಡಿದ ಎರಡು ತಿಂಗಳಿಗೆ, 2016ರ ಅಕ್ಟೋಬರ್ 9ರ ರಾತ್ರಿ, ಬ್ಯಾಂಕಾಕಿನ ಪ್ರಕಟಣೆ, ಮತ್ತೆ ಸಿರಿರಾಜ್ ಸೇರಿದ್ದ ದೊರೆಯ ಸ್ಥಿತಿ ಸ್ಥಿರವಾಗಿಲ್ಲ ಎಂದಿತು. ಷೇರು ಮತ್ತೆ ಬಿತ್ತು. ಗುಲಾಬಿ, ಹಳದಿ ಅಂಗಿಯ ಜನ ಆಸ್ಪತ್ರೆಯ ಅಂಗಳದಲ್ಲಿ ಪ್ರಾರ್ಥಿಸುತ್ತ ಕೂತರು. 13ರ ಮಧ್ಯಾಹ್ನ 3.52ಕ್ಕೆ ಭೂಮಿಬೋಲ್ ತೀರಿಕೊಂಡರು, ವಯಸ್ಸು 88. ಕಪ್ಪು ಬಟ್ಟೆ ಅಂಗಡಿಗಳಲ್ಲಿ ಮುಗಿದುಹೋಯಿತು. ಬೀದಿಬದಿಯಲ್ಲಿ ಕಡಾಯಿ ಇಟ್ಟು ಬಣ್ಣದ ಅಂಗಿಗಳನ್ನು ಕಪ್ಪಿಗೆ ಅದ್ದಿಕೊಟ್ಟರು, ಬೆಲೆ ಏರಿಸುವವರಿಗೆ ಸರಕಾರ ಎಚ್ಚರಿಕೆ ಕೊಟ್ಟಿತು. ಆ ಅಳುವನ್ನು ಬರಿಯ ಭಯ ಎಂದು ತಳ್ಳಿಹಾಕುವವರನ್ನು ನಾನು ನಂಬುವುದಿಲ್ಲ. ಯುವರಾಜರು ದುಃಖಿಸಲು ಸಮಯ ಕೇಳಿದ್ದರಿಂದ ತಾತ್ಕಾಲಿಕ ರಾಜಪ್ರತಿನಿಧಿಯಾದವರು ಆಪ್ತಮಂಡಳಿಯ ಅಧ್ಯಕ್ಷ ಪ್ರೇಮ್. ಅವರಿಗೆ ಆಗ 96.

ಡಿಸೆಂಬರ್ 1ರಂದು ಪಟ್ಟ ಒಪ್ಪಿಕೊಂಡ ಯುವರಾಜ ವಜಿರಲಾಂಗಕೋರ್ನ್‌ಗೆ ತಂದೆಯ ಬೆವರಿನ ಪಟದಂಥದ್ದು ಇರಲಿಲ್ಲ. ಇಲ್ಲದ್ದನ್ನು ಅವರು ಕಾನೂನಿನಿಂದ ತುಂಬಿಕೊಂಡರು. ಜನಮತಗಣನೆಯಲ್ಲಿ ಪಾಸಾಗಿದ್ದ ಸಂವಿಧಾನವನ್ನು ಅವರ ಕೋರಿಕೆಯಂತೆ ತಿದ್ದಲಾಯಿತು. ವಿದೇಶಕ್ಕೆ ಹೋದಾಗ ರಾಜಪ್ರತಿನಿಧಿಯ ನೇಮಕ ಇನ್ನು ಕಡ್ಡಾಯವಲ್ಲ. ಸಿಯಾಮ್ ಸಿಮೆಂಟ್, ಸಿಯಾಮ್ ಕಮರ್ಷಿಯಲ್ ಬ್ಯಾಂಕಿನ ಷೇರುಗಳೂ ಸೇರಿದಂತೆ ರಾಜಸ್ವತ್ತು 2018ರ ಹೊತ್ತಿಗೆ ಅವರ ಸ್ವಂತ ಹೆಸರಿಗೆ ಬಂತು. 2019ರಲ್ಲಿ ಬ್ಯಾಂಕಾಕಿನ ಎರಡು ಕಾಲಾಳು ರೆಜಿಮೆಂಟುಗಳು ನೇರವಾಗಿ ಅವರ ಕೈಕೆಳಗೆ ಬಂದವು. ಕಾಗದದ ಮೇಲೆ ಮಗ ತಂದೆಗಿಂತ ಬಲಶಾಲಿ. ಆದರೆ 2020ರ ಆಗಸ್ಟಿನಲ್ಲಿ ಇದೇ ಥಮ್ಮಸಾತಿನ ವಿದ್ಯಾರ್ಥಿಗಳು ವೇದಿಕೆ ಹತ್ತಿ ಅರಸೊತ್ತಿಗೆಯ ಸುಧಾರಣೆಗೆ ಹತ್ತು ಬೇಡಿಕೆಗಳನ್ನು ಗಟ್ಟಿಯಾಗಿ ಓದಿದರು. ತಂದೆಯ ಕಾಲದಲ್ಲಿ ಊಹಿಸಲಾಗದ ಮಾತು. ಅಲ್ಲಿಂದೀಚೆಗೆ ರಾಜನಿಂದೆಯ 112ನೇ ಕಲಮಿನಡಿ ಇನ್ನೂರೈವತ್ತಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಬಿದ್ದಿದೆ.

ಹಳೆಯ ದೊರೆ ನಿಜವಾಗಿ ಬಿಟ್ಟುಹೋದ ಆಸ್ತಿ ಯಾವುದೆಂದರೆ ಗೊಂದಲ ಬಿಡಿಸಲು 2006ರಲ್ಲಿ ಅವರು ಕರೆಸಿದ ಆ ನ್ಯಾಯಾಲಯಗಳು. 2007ರಲ್ಲಿ ದಂಗೆಗೆ ಮುಂಚೆ ಆಳಿದ್ದ ಪಕ್ಷ, 2008ರಲ್ಲಿ ಆಳುತ್ತಿದ್ದ ಪಕ್ಷ, ನಡುವೆ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಸಿ ಸಂಭಾವನೆ ಪಡೆದರೆಂದು ಒಬ್ಬ ಪ್ರಧಾನಿ, ಒಂದೊಂದಾಗಿ ಉರುಳಿಸಿದವು. 2023ರ ಮೇ ಚುನಾವಣೆಯಲ್ಲಿ 112ನ್ನು ತಿದ್ದುತ್ತೇವೆಂದು ಹೇಳಿ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ‘ಮೂವ್ ಫಾರ್ವರ್ಡ್’ ಪಕ್ಷವನ್ನು ಸಂವಿಧಾನ ನ್ಯಾಯಾಲಯ 2024ರ ಆಗಸ್ಟ್ 7ರಂದು ವಿಸರ್ಜಿಸಿ, ಅದರ ಹನ್ನೊಂದು ಪದಾಧಿಕಾರಿಗಳನ್ನು ಹತ್ತು ವರ್ಷ ರಾಜಕೀಯದಿಂದ ಹೊರಗಿಟ್ಟಿತು. ಉಳಿದ ಸಂಸದರು ಎರಡು ದಿನದಲ್ಲಿ ‘ಪ್ರಜಾ ಪಕ್ಷ’ ಎಂಬ ಹೊಸ ಹೆಸರಿಟ್ಟುಕೊಂಡು ಸಂಸತ್ತಿನ ಅದೇ ಬೆಂಚುಗಳಿಗೆ ಮರಳಿದರು.